ಹೆಸರು ಓದುವುದನ್ನು ನಾನು ನಿಲ್ಲಿಸುವುದಿಲ್ಲ

ನಮಸ್ಕಾರ. ಇವತ್ತು ಪೀಠಿಕೆ ಇಲ್ಲ, ಮೊದಲ ಹಾಡೂ ಇಲ್ಲ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಎರಡು ದಿನದಿಂದ ಒಂದು ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ಕಳೆದ ವಾರದ ಸಂಚಿಕೆಯ ಕೆಳಗೆ ಒಬ್ಬರು ಬರೆದಿದ್ದಾರೆ: "ಸರ್, ನಿಮ್ಮ ಧ್ವನಿ ಚೆನ್ನಾಗಿದೆ, ವಿಷಯವೂ ಚೆನ್ನಾಗಿದೆ. ಆದರೆ ಹನ್ನೊಂದು ನಿಮಿಷ ಬರೀ ಊರು, ಹೆಸರು ಓದುತ್ತೀರಿ. ಅದನ್ನು ತೆಗೆದರೆ ಕಾರ್ಯಕ್ರಮ ಬಿಗಿಯಾಗುತ್ತದೆ." ನಲವತ್ತಮೂರು ಜನ ಅದನ್ನು ಮೆಚ್ಚಿಕೊಂಡಿದ್ದಾರೆ.

ಬಿಗಿ! ಬಿಗಿಯಾಗಬೇಕಾದದ್ದು ತಮಟೆ. ಅದನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುತ್ತಾರೆ. ಸಂಜೆ ಮನೆ ಬಾಗಿಲಿಗೆ ಬಂದ ನೆಂಟರನ್ನು ಯಾರಾದರೂ ಬಿಗಿ ಮಾಡುತ್ತಾರೆಯೇ? "ಬನ್ನಿ, ಕುಳಿತುಕೊಳ್ಳಿ, ನೀರು ಕುಡಿಯಿರಿ, ಊರಿನ ಕಡೆ ಮಳೆ ಹೇಗೆ" ಎನ್ನುತ್ತಾರೆ. ನಾನು ಗುರುವಾರ ಸಂಜೆ ಆರೂವರೆಗೆ ಮೈಕಿನ ಮುಂದೆ ಕುಳಿತು ಮಾಡುವುದು ಅದನ್ನೇ: ಫೋನ್ ಮಾಡಿ ಹಾಡು ಕೋರಿದ ಕೇಳುಗರ ಊರು, ಹೆಸರು ಓದುತ್ತೇನೆ. ಹೆಸರು ಓದುವುದೇ ರೇಡಿಯೋ. ಉಳಿದದ್ದೆಲ್ಲ ಅದರ ಜೊತೆಗೆ ಕೊಡುವ ಬೆಲ್ಲ, ಕಡಲೆಕಾಯಿ.

ಹೊಸದಾಗಿ ಬಂದವರಿಗೆ ಒಂದು ಮಾತು. ನಾನು ಹಿರಿಯೂರು ಸೀಮೆಯ ಒಂದು ಸಮುದಾಯ ರೇಡಿಯೋದಲ್ಲಿ ಹದಿಮೂರು ವರ್ಷದಿಂದ ನಿರೂಪಕ. ಬೆಳಗಿನ ಹೊತ್ತು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಮೈಕು. ಆ ಕಾರ್ಯಕ್ರಮದ ಧ್ವನಿಮುದ್ರಿಕೆಯನ್ನೇ ಈ ಚಾನೆಲ್‌ಗೆ ಹಾಕುತ್ತೇನೆ. ಬೆಂಗಳೂರಿನಲ್ಲಿ, ದುಬೈಯಲ್ಲಿ ಕುಳಿತು ಕೇಳುವ ನಮ್ಮೂರಿನ ಮಕ್ಕಳಿಗಾಗಿ ಹಾಕುತ್ತೇನೆ. ಇನ್ನೂ ಚಂದಾದಾರರಾಗಿಲ್ಲದವರು ಈಗಲೇ ಆಗಿ. ಗಂಟೆಯ ಗುರುತನ್ನೂ ಒತ್ತಿ. ಮುಂದಿನ ತಿಂಗಳಿನಿಂದ ಇಲ್ಲಿ ಊರ ಹೆಸರುಗಳ ಸರಣಿ ಆರಂಭವಾಗುತ್ತದೆ. ಹಟ್ಟಿ, ಪಾಳ್ಯ, ಕಟ್ಟೆ, ಕೆರೆ, ಗುಡ್ಡ ಯಾವ ಊರಿಗೆ ಹೇಗೆ ಅಂಟಿಕೊಂಡವು ಎಂದು ಊರೂರಿನ ಹಿರಿಯರ ಬಾಯಿಂದಲೇ ಹೇಳಿಸುತ್ತಿದ್ದೇನೆ. ಈಗಾಗಲೇ ಹದಿನೆಂಟು ಕಂತು ಧ್ವನಿಮುದ್ರಿಸಿ ಇಟ್ಟಿದ್ದೇನೆ. ತಪ್ಪಿಸಿಕೊಳ್ಳಬೇಡಿ.

ಈಗ ಆ ಹನ್ನೊಂದು ನಿಮಿಷಕ್ಕೆ ಬರೋಣ.

ನಾನು ಯರಬಳ್ಳಿಯವನು. 1986ರಲ್ಲಿ ಏಳನೇ ತರಗತಿಯಲ್ಲಿದ್ದೆ. ನಮ್ಮ ಮನೆಯಲ್ಲಿ ರೇಡಿಯೋ ಇರಲಿಲ್ಲ, ಸೈಕಲ್ ಅಂಗಡಿಯಲ್ಲಿ ಇತ್ತು. ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆಗೆ ಕೊಡುವ ಆ ಅಂಗಡಿಯ ಮುಂದೆ ನಾವು ಹುಡುಗರು ಬಾಡಿಗೆಗೆ ಕಾಸಿಲ್ಲದೆ ಬರೀ ನಿಂತಿರುತ್ತಿದ್ದೆವು. ಆಕಾಶವಾಣಿ ಭದ್ರಾವತಿಯಿಂದ ಕೋರಿಕೆಯ ಚಿತ್ರಗೀತೆಗಳು ಬರುತ್ತಿದ್ದವು. ಹಾಡಿಗೆ ಮೊದಲು ಹೆಸರುಗಳು. ಶಿಕಾರಿಪುರದಿಂದ ಇಂಥವರು, ತರೀಕೆರೆಯಿಂದ ಇಂಥವರು, ಹೊಳಲ್ಕೆರೆಯಿಂದ ಇಂಥವರು ಮತ್ತು ಮನೆಯವರು. ನಾನು ತರೀಕೆರೆಯನ್ನು ನೋಡುವ ಮೊದಲೇ ತರೀಕೆರೆಯವರನ್ನು ಬಲ್ಲೆ.

ಒಂದು ದಿನ ನಾವು ಏಳು ಜನ ಸೇರಿ ಹದಿನೈದು ಪೈಸೆಯ ಒಂದು ಕಾರ್ಡು ತಂದೆವು. ಹೆಸರು ಬರೆಯುವ ಸರದಿಯಲ್ಲಿ ಜಗಳವೇ ಆಯಿತು. ಎರಡು ಪೈಸೆ ಕೊಟ್ಟವನು ಮೊದಲೋ, ಕೈಬರಹ ಚೆನ್ನಾಗಿರುವವನು ಮೊದಲೋ? ಕೊನೆಗೆ ಊರಿನ ಹೆಸರನ್ನು ಎಲ್ಲಕ್ಕಿಂತ ಮೇಲೆ ದೊಡ್ಡದಾಗಿ ಬರೆದು, ನಮ್ಮ ಹೆಸರುಗಳನ್ನು ಇರುವೆ ಸಾಲಿನ ಹಾಗೆ ಕೆಳಗೆ ಜೋಡಿಸಿದೆವು. ಕಾರ್ಡು ಹೋಯಿತು. ಒಂದು ತಿಂಗಳು ಏನೂ ಇಲ್ಲ. ಎರಡನೇ ತಿಂಗಳೂ ಏನೂ ಇಲ್ಲ. ಕಡಲೆಕಾಯಿ ಕೀಳುವ ಕಾಲ ಬಂತು, ನಾವು ಹೊಲಕ್ಕೆ ಹೋಗತೊಡಗಿದೆವು.

ಒಂದು ಸಂಜೆ ಅಪ್ಪ ಬೀಡಿಗೆಂದು ಸೈಕಲ್ ಅಂಗಡಿಯ ಪಕ್ಕದ ಪೆಟ್ಟಿಗೆ ಅಂಗಡಿಗೆ ಹೋಗಿದ್ದರು. ಆಗ ಬಂತು: "ಹಿರಿಯೂರು ತಾಲ್ಲೂಕು ಯರಬಳ್ಳಿಯಿಂದ..." ಊರಿನ ಹೆಸರು ತಪ್ಪಿಲ್ಲದೆ, ಒತ್ತು ಸಮೇತ ಬಂತು. ಆಮೇಲೆ ನಮ್ಮ ಏಳು ಹೆಸರು, ನನ್ನದು ಐದನೆಯದು. ಹಾಡು ಯಾವುದೆಂದು ಅಪ್ಪನಿಗೆ ಆಮೇಲೆ ನೆನಪೇ ಇರಲಿಲ್ಲ. ಮನೆಗೆ ಬಂದವರು ಅಮ್ಮನಿಗೆ ಹೇಳಿದ್ದು ಒಂದೇ ಮಾತು: "ನಮ್ಮೂರನ್ನು ಕರೆದರು." ನನ್ನನ್ನು ಕರೆದರು ಎನ್ನಲಿಲ್ಲ. ನಮ್ಮೂರನ್ನು ಕರೆದರು ಎಂದರು. ಆ ವರ್ಷ ಕಡಲೆಕಾಯಿ ಅರ್ಧಕ್ಕರ್ಧ ಜೊಳ್ಳು. ಆದರೂ ಅಪ್ಪ ಆ ಸಂಜೆಯ ಮಾತನ್ನು ಯುಗಾದಿಯವರೆಗೂ ಎತ್ತುತ್ತಿದ್ದರು.

ಹಾಡು ಮರೆಯಿತು, ಹೆಸರು ಉಳಿಯಿತು. ಹೆಸರು ಓದುವುದೇ ರೇಡಿಯೋ ಎಂದು ನಾನು ಹೇಳುವುದು ಇದಕ್ಕೇ.

ಇದು ನಮ್ಮ ಸೀಮೆಯ ಚಟ ಮಾತ್ರವೂ ಅಲ್ಲ. 1952ರಲ್ಲಿ ಶ್ರೀಲಂಕಾದ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿ ಅವರು ಬಿನಾಕಾ ಗೀತಮಾಲಾ ಎಂಬ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮ ಆರಂಭಿಸಿದರು. ನಮ್ಮ ಆಕಾಶವಾಣಿ ಚಿತ್ರಗೀತೆಗಳನ್ನು ದೂರವಿಟ್ಟ ಕಾಲ ಅದು. ದೇಶದ ಮೂಲೆ ಮೂಲೆಯಿಂದ ಕಾಗದಗಳು ಹೋದವು. ಝುಮ್ರಿ ತಲೈಯಾ ಎಂಬ ಊರಿದೆ. ಈಗಿನ ಜಾರ್ಖಂಡಿನ ಅಭ್ರಕದ ಗಣಿಗಳ ಸಣ್ಣ ಪಟ್ಟಣ. ಅಲ್ಲಿಂದ ಎಷ್ಟು ಕೋರಿಕೆಗಳು ಬರುತ್ತಿದ್ದವೆಂದರೆ, ಅಂಥ ಊರು ನಿಜವಾಗಿಯೂ ಇದೆಯೇ ಎಂದು ಕೇಳುಗರು ಅನುಮಾನಪಡುತ್ತಿದ್ದರು. ಅಭ್ರಕದ ವ್ಯಾಪಾರ ಬಿದ್ದುಹೋಯಿತು, ಆದರೆ ಆ ಊರಿನ ಹೆಸರು ಇವತ್ತಿಗೂ ದೇಶಕ್ಕೆ ಗೊತ್ತು. ಯಾರಿಂದ? ಸಾಲಾಗಿ ಹೆಸರು ಓದಿದ ನಿರೂಪಕರಿಂದ. ವಿವಿಧ ಭಾರತಿಯ ಜಯಮಾಲಾ ತೆಗೆದುಕೊಳ್ಳಿ. ಗಡಿಯಲ್ಲಿರುವ ಸೈನಿಕರ ಕೋರಿಕೆಯ ಹಾಡುಗಳು. ಯೋಧನೊಬ್ಬನ ಹೆಸರನ್ನು ಓದುವುದು ಸಮಯ ವ್ಯರ್ಥ ಎಂದು ಅವರ ಮನೆಯವರ ಮುಂದೆ ಹೇಳಿ ನೋಡಿ.

ಎರಡು ವರ್ಷದ ಹಿಂದೆ ನಮಗೆ ತರಬೇತಿ ಕೊಡಲು ಒಬ್ಬರು ಬಂದಿದ್ದರು. ಹೆಸರು ಬೇಡ. ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. "ಇಲ್ಲಿ ಹೆಸರುಗಳು ಶುರುವಾದವು, ಇಲ್ಲಿ ಕೇಳುಗರು ಬಿಟ್ಟುಹೋದರು" ಎಂದರು. ಆ ಗೆರೆ ಎಲ್ಲಿಯದು ಎಂದು ಕೇಳಿದೆ. ಅಂತರ್ಜಾಲದಲ್ಲಿ ಕೇಳುವವರದ್ದಂತೆ. ಸ್ವಾಮಿ, ನಮ್ಮ ಪ್ರಸಾರ ಶಕ್ತಿ 100 ವಾಟ್. ಕಂಬದ ಎತ್ತರ 30 ಮೀಟರ್ ದಾಟುವಂತಿಲ್ಲ. ನಮ್ಮ ಅಲೆ ಸುತ್ತ ಹತ್ತು, ಹೆಚ್ಚೆಂದರೆ ಹದಿನೈದು ಕಿಲೋಮೀಟರ್ ಮುಟ್ಟುತ್ತದೆ. ಆ ವೃತ್ತದೊಳಗೆ ಹಾಲು ಕರೆಯುತ್ತಾ ಕೇಳುವವರು, ಪಂಪ್‌ಸೆಟ್ ಮನೆಯಲ್ಲಿ ಕರೆಂಟಿಗೆ ಕಾಯುತ್ತಾ ಕೇಳುವವರು ನಿಮ್ಮ ಗೆರೆಯಲ್ಲಿ ಎಲ್ಲಿದ್ದಾರೆ? ಅವರ ರೇಡಿಯೋಗೆ ಲೆಕ್ಕ ಕೊಡುವ ಬುದ್ಧಿ ಇಲ್ಲ. ಅದು ಹೇಳುತ್ತದೆ, ಅವರು ಕೇಳುತ್ತಾರೆ, ಮುಗಿಯಿತು. ಲೆಕ್ಕಕ್ಕೆ ಸಿಗದವರನ್ನು ಇಲ್ಲದವರೆಂದು ತಿಳಿಯುವ ಆ ಗೆರೆಯನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಳ್ಳಿ ಎಂದೆ. ಮಧ್ಯಾಹ್ನದ ಊಟಕ್ಕೆ ಅವರು ನನ್ನ ಪಕ್ಕದಲ್ಲಿ ಕೂರಲಿಲ್ಲ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಮುದಾಯ ರೇಡಿಯೋ ತನ್ನದೇ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ, ಇಲ್ಲವೇ ನಮ್ಮ ಭಾಷೆಗೆ ಅನುವಾದಿಸಿ ಪ್ರಸಾರ ಮಾಡಬಹುದು, ಅಷ್ಟೇ. ವಾಯುತರಂಗ ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತು. ಸಂಘ ಸಂಸ್ಥೆಗಳಿಗೆ ರೇಡಿಯೋ ಬಾಗಿಲು ತೆರೆದದ್ದು 2006ರಲ್ಲಿ. ಅದಕ್ಕೂ ಮುಂಚೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಪರವಾನಗಿಗೆ ಕಾಯದೆ ಕೇಬಲ್ ತಂತಿಯ ಮೂಲಕವೇ ಮನೆಮನೆಗೆ "ನಮ್ಮ ಧ್ವನಿ" ಮುಟ್ಟಿಸಿದ್ದರು. ಅಷ್ಟು ಕಷ್ಟಪಟ್ಟು ಬಂದ ಬಾಗಿಲು ಇದು. ಸುದ್ದಿ ಓದುವಂತಿಲ್ಲ ಎಂದಮೇಲೆ ನಮ್ಮ ಸುದ್ದಿ ಯಾವುದು? ಹೆಸರುಗಳೇ! ಬಬ್ಬೂರಿನ ಅಜ್ಜಿಯ ಹೆಸರು ಪ್ರತಿ ಗುರುವಾರ ಇರುತ್ತಿತ್ತು. ಮೂರು ವಾರ ಬರಲಿಲ್ಲ. ನಾಲ್ಕನೇ ವಾರ ಐದು ಊರಿನಿಂದ ಫೋನ್: "ಅಜ್ಜಿ ಹೇಗಿದ್ದಾರೆ?" ಅಜ್ಜಿ ಬೆಂಗಳೂರಿನಲ್ಲಿ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದರು. ವಾಪಸು ಬಂದವರೇ ನನಗೆ ಫೋನ್ ಮಾಡಿ, "ನನ್ನನ್ನು ಏನೆಂದು ತಿಳಿದೆಯಪ್ಪಾ, ಗಟ್ಟಿಮುಟ್ಟಾಗಿದ್ದೇನೆ, ಎಲ್ಲರಿಗೂ ಹೇಳು" ಎಂದು ಗದರಿದರು. ಹೇಳಿದೆ. ನಿಮ್ಮ ಬಿಗಿಯಾದ ಕಾರ್ಯಕ್ರಮ ಇದನ್ನು ಮಾಡಿ ತೋರಿಸಲಿ.

2022ರ ಸೆಪ್ಟೆಂಬರ್ ನೆನಪಿದೆಯೇ? ಮಾರಿಕಣಿವೆ, ಅಂದರೆ ನಮ್ಮ ವಾಣಿವಿಲಾಸ ಸಾಗರ ಅಣೆಕಟ್ಟು, ಕೋಡಿ ಬಿದ್ದದ್ದು. ವಾಣಿವಿಲಾಸ ಸಾಗರ 130 ಅಡಿ ತುಂಬಿ ಹರಿದದ್ದು 1933ರ ನಂತರ ಅದೇ ಮೊದಲು. ಎಂಬತ್ತೊಂಬತ್ತು ವರ್ಷ! ಆ ವಾರದ ಗುರುವಾರ ನಾನು ಏನೇನೋ ಸಿದ್ಧ ಮಾಡಿಕೊಂಡು ಕುಳಿತಿದ್ದೆ: ಅಣೆಕಟ್ಟಿನ ಇತಿಹಾಸ, ವೇದಾವತಿಯ ಹಾದಿ, ತೋಟಗಳ ಕಥೆ. ಒಂದನ್ನೂ ಹೇಳಲಿಲ್ಲ, ಫೋನ್ ಬಿಡಲಿಲ್ಲ. ಕರೆ ಮಾಡಿದವರು ಹಾಡು ಕೇಳಲಿಲ್ಲ, ಪ್ರಶ್ನೆ ಕೇಳಲಿಲ್ಲ. "ನಾನು ಆದಿವಾಲದಿಂದ, ಕೋಡಿ ನೋಡಿ ಬಂದೆವು, ನಮ್ಮ ಹೆಸರು ಓದಿ." "ನಾನು ದಿಂಡಾವರದವನು, ತಾತ ಹೇಳುತ್ತಿದ್ದರು, ಈಗ ನಾನು ನೋಡಿದೆ, ತಾತನ ಹೆಸರನ್ನೂ ಓದಿ." ಸತ್ತುಹೋದ ತಾತನ ಹೆಸರು! ಓದಿದೆ. ಒಂದು ಗಂಟೆ ಪೂರ್ತಿ ಹೆಸರುಗಳನ್ನೇ ಓದಿದೆ. ಹದಿಮೂರು ವರ್ಷದಲ್ಲಿ ನಾನು ಮಾಡಿದ ಅತ್ಯುತ್ತಮ ಕಾರ್ಯಕ್ರಮ ಅದು. ಅದರ ಮುದ್ರಿಕೆ ಈ ಚಾನೆಲ್‌ನಲ್ಲೇ ಇದೆ, ಹುಡುಕಿ ಕೇಳಿ.

"ಈಗ ಯಾವ ಹಾಡು ಬೇಕಾದರೂ ಮೊಬೈಲ್‌ನಲ್ಲಿ ಸಿಗುತ್ತದೆ, ಕೋರಿಕೆ ಯಾಕೆ" ಎಂದು ಇನ್ನೊಬ್ಬರು ಕೇಳಿದ್ದಾರೆ. ಸಿಗುತ್ತದೆ, ನನಗೂ ಗೊತ್ತು. ಕೋರಿಕೆ ಹಾಡಿಗಾಗಿ ಎಂದು ನಿಮಗೆ ಹೇಳಿದವರು ಯಾರು? ತೇರುಮಲ್ಲೇಶ್ವರನ ಜಾತ್ರೆಯಲ್ಲಿ ತೇರಿಗೆ ಬಾಳೆಹಣ್ಣು ಎಸೆಯುತ್ತಾರೆ. ಬಾಳೆಹಣ್ಣು ಮನೆಯಲ್ಲಿ ಸಿಗುವುದಿಲ್ಲವೇ? "ಹೆಸರು ಓದುವುದು ಖಾಸಗಿತನಕ್ಕೆ ಧಕ್ಕೆ" ಎಂದು ಮತ್ತೊಬ್ಬರು. ಅಣ್ಣಾ, ಅವರೇ ಫೋನ್ ಮಾಡಿ, "ಗಂಡನ ಹೆಸರಿನ ಜೊತೆಗೆ ನನ್ನದನ್ನೂ ಓದಿ, ನನ್ನದನ್ನು ಮೊದಲು ಓದಿ" ಎಂದು ಹೇಳಿ ಓದಿಸುತ್ತಾರೆ. ಅದಕ್ಕಿಂತ ಹೆಚ್ಚಿನ ಒಪ್ಪಿಗೆ ನನಗೆ ಬೇಡ.

ಸಿಟ್ಟಿನ ನಿಜವಾದ ಕಾರಣ ಈಗ ಹೇಳುತ್ತೇನೆ. ನಮ್ಮ ಕಡೆ ಗೊಲ್ಲರಹಟ್ಟಿಗಳಿವೆ, ತಾಂಡಾಗಳಿವೆ. ತಲೆಮಾರುಗಳಿಂದ ಜನ ಒಲೆ ಹೊತ್ತಿಸಿದ ಊರುಗಳು ಎಷ್ಟೋ ಕಂದಾಯದ ಕಡತದಲ್ಲಿ ಊರುಗಳೇ ಆಗಿರಲಿಲ್ಲ. ಅದೇ ಕಡತದಲ್ಲಿ ಒಬ್ಬರೂ ವಾಸವಿಲ್ಲದ ಬೇಚಿರಾಕ್ ಗ್ರಾಮಕ್ಕೆ ಹೆಸರಿದೆ, ನಕ್ಷೆಯಿದೆ! 2023ರ ಜನವರಿಯಲ್ಲಿ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರಲ್ಲ, ಅವು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ತಾಂಡಾಗಳ ಮನೆಗಳು. ಅಷ್ಟು ವರ್ಷ ಅವರ ಊರು ಕಾಗದದ ಮೇಲೆ ಇರಲಿಲ್ಲ. ನಮ್ಮ ಪಕ್ಕದ ಒಂದು ತಾಂಡಾದ ತಾಯಿ ನನಗೆ ಹೇಳಿದ್ದರು: "ನಮ್ಮ ಊರಿನ ಹೆಸರು ಬಸ್ಸಿನ ಬೋರ್ಡಿನಲ್ಲಿ ಇಲ್ಲ, ನಿಮ್ಮ ಬಾಯಲ್ಲಿ ಇದೆ." ಈ ಮಾತು ಕೇಳಿದವನು ಹೆಸರು ಓದುವುದನ್ನು ಬಿಡಬೇಕೇ? ಯಾರಿಗೋ ಬೇಸರವಾಗುತ್ತದೆ ಎಂದು ಬಿಡಬೇಕೇ?

ಬಿಡುವುದಿಲ್ಲ. ಹನ್ನೊಂದು ನಿಮಿಷ ಹನ್ನೆರಡು ಆಗಲಿ, ಹದಿನೈದು ಆಗಲಿ. ಬಿಡುವುದಿಲ್ಲ ಎಂದರೆ ಬಿಡುವುದಿಲ್ಲ! ಬೇಡವಾದವರು ಮುಂದಕ್ಕೆ ಓಡಿಸಿಕೊಳ್ಳಿ, ಗುಂಡಿ ನಿಮ್ಮ ಕೈಯಲ್ಲೇ ಇದೆ. ಆ ನಲವತ್ತಮೂರು ಜನರೂ ಓಡಿಸಿಕೊಳ್ಳಿ. ನಾನು ಓದುತ್ತಲೇ ಇರುತ್ತೇನೆ. ಇನ್ನು ನನ್ನ ಬಳಿ ವಾದ ಇಲ್ಲ, ಈ ಪಟ್ಟಿ ಮಾತ್ರ ಇದೆ.

ಓದುತ್ತೇನೆ. ಇವತ್ತು ಹೆಸರುಗಳನ್ನು ಗುರುವಾರಕ್ಕೆ ಇಟ್ಟುಕೊಂಡು ಊರುಗಳನ್ನಷ್ಟೇ ಓದುತ್ತೇನೆ. ಬಬ್ಬೂರಿನಿಂದ ಹಾಲಿನ ಡೇರಿಯ ಪಕ್ಕದ ಮನೆಯ ಅಕ್ಕ, ಅವರ ಅತ್ತೆ, ಅತ್ತೆಯ ತಂಗಿ. ಯರಬಳ್ಳಿಯಿಂದ ಸೈಕಲ್ ಅಂಗಡಿಯವರ ಮೊಮ್ಮಕ್ಕಳು ಮೂವರು. ದಿಂಡಾವರದಿಂದ ತಾತ ಮತ್ತು ಮೊಮ್ಮಗ. ಐಮಂಗಲದ ಕಡೆಯಿಂದ, ಅಲೆ ಸಿಗಲೆಂದು ದಿಬ್ಬ ಹತ್ತಿ ನಿಲ್ಲುವ ಕುರಿ ಕಾಯುವ ಅಣ್ಣ. ಮರಡಿಹಳ್ಳಿಯಿಂದ ಅಂಗನವಾಡಿಯ ಮೇಡಂ. ವದ್ದೀಕೆರೆಯಿಂದ ಹೂ ಕಟ್ಟುವ ಐದು ಜನ ಗೆಳತಿಯರು. ಕಳೆದ ಗುರುವಾರ ಹೆಸರು ಹೇಳುವಷ್ಟರಲ್ಲಿ ಕರೆ ತುಂಡಾದ ಆದಿವಾಲದ ಅಮ್ಮನವರೇ, ಇನ್ನೊಮ್ಮೆ ಫೋನ್ ಮಾಡಿ. ನಿಮ್ಮ ಸಾಲನ್ನು ಖಾಲಿ ಬಿಟ್ಟಿದ್ದೇನೆ.