ಕೌಶಲ ನಕ್ಷೆ: ಮಕ್ಕಳದೂ ಮೇಷ್ಟ್ರದೂ ಒಂದೇ ಹಾಳೆಯಲ್ಲಿ

(ಬೆಂಗಳೂರಿನಲ್ಲಿ ಶಿಕ್ಷಕರಿಗೆ ಮತ್ತು ಪೋಷಕರಿಗೆ ನೀಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ.

ಶಾಲೆ ಬಾಗಿಲು ತೆರೆಯಲು ಇನ್ನು ಕೆಲವೇ ದಿನ. ತೆರೆದ ಕೂಡಲೇ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯನ್ನು ನೋಡಿ ಸರಿಪಡಿಸುವ ಕೆಲಸ. ಪೂರ್ವ ಪರೀಕ್ಷೆ ಮಾಡುತ್ತೀರಿ, ಅಂಕ ಹಾಕುತ್ತೀರಿ, ನಮೂನೆ ತುಂಬುತ್ತೀರಿ, ಪರಿಹಾರ ಬೋಧನೆ ನಡೆಸುತ್ತೀರಿ, ಕೊನೆಗೆ ಸಾಫಲ್ಯ ಪರೀಕ್ಷೆ. ಈ ಸಾಲಿನಲ್ಲಿ ನನ್ನನ್ನು ಕಾಡುವ ಜಾಗ ಒಂದೇ ಒಂದು. ಅಂಕ ಹಾಕಿದ ಮೇಲೆ, ಪರಿಹಾರ ಬೋಧನೆ ಶುರುವಾಗುವ ಮೊದಲು, ಅಲ್ಲಿ ಏನು ನಡೆಯುತ್ತದೆ? ಬಹಳ ಕಡೆ ಏನೂ ನಡೆಯುವುದಿಲ್ಲ. ಹತ್ತಕ್ಕೆ ಮೂರು ತೆಗೆದ ಮಗುವಿಗೂ ಐದು ತೆಗೆದ ಮಗುವಿಗೂ ಅದೇ ಪಾಠ ಇನ್ನೊಂದು ಸಲ, ಸ್ವಲ್ಪ ನಿಧಾನವಾಗಿ, ಸ್ವಲ್ಪ ಗಟ್ಟಿ ದನಿಯಲ್ಲಿ. ಮಗುವಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಸ್ವಾಮಿ!

ಆ ಖಾಲಿ ಜಾಗದಲ್ಲಿ ಕೂರಬೇಕಾದದ್ದು ಕೌಶಲ ನಕ್ಷೆ, ಅಂದರೆ ಯಾವ ಮಗುವಿಗೆ ಯಾವ ಕೌಶಲ ಬಂದಿದೆ, ಯಾವುದು ಬಂದಿಲ್ಲ ಎಂದು ತೋರಿಸುವ ಒಂದು ಹಾಳೆ. ನಾಳೆ ಬೆಳಿಗ್ಗೆ ಮೊದಲ ಅವಧಿಯಲ್ಲಿ ಯಾವ ಮಗುವಿನ ಜೊತೆ ಏನು ಮಾಡಬೇಕು ಎಂದು ಅದನ್ನು ನೋಡಿದ ತಕ್ಷಣ ತಿಳಿಯಬೇಕು. ತಿಳಿಯದಿದ್ದರೆ ಎಷ್ಟೇ ಬಣ್ಣ ಹಾಕಿದ್ದರೂ ಅದು ನಕ್ಷೆಯಲ್ಲ. ಈ ಮಾತನ್ನು ಇವತ್ತು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಒಂದು ಲೆಕ್ಕ ತೆಗೆದುಕೊಳ್ಳೋಣ. ನಾಲ್ಕನೇ ತರಗತಿಯ ಲೆಕ್ಕ, 403ರಲ್ಲಿ 178 ಕಳೆಯಿರಿ. ಉತ್ತರ 225. ನಾಲ್ಕು ಮಕ್ಕಳು ತಪ್ಪು ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬಳು 375 ಬರೆದಿದ್ದಾಳೆ, ಒಬ್ಬ 325, ಇನ್ನೊಬ್ಬಳು 235, ಮತ್ತೊಬ್ಬ 275. ನಾಲ್ವರಿಗೂ ಸೊನ್ನೆ. ಅಂಕದ ವಹಿಯಲ್ಲಿ ನಾಲ್ವರೂ ಒಂದೇ.

ಈಗ ಒಬ್ಬೊಬ್ಬರ ಪಕ್ಕ ಕೂರೋಣ. 375 ಬರೆದವಳು ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದಾಳೆ. 8ರಲ್ಲಿ 3, 7ರಲ್ಲಿ 0, 4ರಲ್ಲಿ 1. ಮೇಲಿನ ಸಂಖ್ಯೆ ಯಾವುದು, ಕೆಳಗಿನದು ಯಾವುದು ಎಂಬುದೇ ಅವಳಿಗೆ ಮುಖ್ಯವಾಗಿಲ್ಲ. 403 ಅವಳ ಪಾಲಿಗೆ ಒಂದು ಸಂಖ್ಯೆಯಲ್ಲ, ಅಕ್ಕಪಕ್ಕ ನಿಂತ ಮೂರು ಅಂಕಿಗಳು. ಇವಳನ್ನು ಮೂರಂಕಿಯ ಲೆಕ್ಕದಲ್ಲೇ ಕೂರಿಸಿ ಪ್ರಯೋಜನವಿಲ್ಲ. 52ರಲ್ಲಿ 27ಕ್ಕೆ ಇಳಿಯಬೇಕು, ಅಲ್ಲೂ 35 ಬರೆಯುತ್ತಾಳೆ. ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, 27 ತೆಗೆದುಕೊಡು ಅನ್ನಿ. ಎರಡೇ ಬಿಡಿ ಕಡ್ಡಿಯಿಂದ ಏಳನ್ನು ಕೊಡಲು ಆಗದೆ ಅವಳೇ ಒಂದು ಕಟ್ಟು ಬಿಚ್ಚಬೇಕು. ನಾವು ಬಿಚ್ಚಿಕೊಟ್ಟರೆ ಆ ದಿನ ದಂಡ.

325 ಬರೆದವನಿಗೆ ಕಡ್ಡಿ ಬೇಡ. ಅವನಿಗೆ ದಶಕ ಬಿಡಿಸುವುದು ಗೊತ್ತು. ಮೂರನ್ನು ಹದಿಮೂರು ಮಾಡಿದ್ದಾನೆ, ಸೊನ್ನೆಯನ್ನು ಒಂಬತ್ತು ಮಾಡಿದ್ದಾನೆ, ನಾಲ್ಕನ್ನು ಮೂರು ಮಾಡುವುದು ಬಿಟ್ಟಿದ್ದಾನೆ. ‘ಸೊನ್ನೆ ಇದ್ದರೆ ಒಂಬತ್ತು’ ಎಂಬ ಸೂತ್ರ ಬಾಯಿಪಾಠವಾಗಿದೆ, ಆ ಒಂಬತ್ತು ಎಲ್ಲಿಂದ ಬಂತೆಂದು ಗೊತ್ತಿಲ್ಲ. 235 ಬರೆದವಳು ನೂರನ್ನು ಹತ್ತು ದಶಕ ಮಾಡಿದ್ದಾಳೆ, ಅದರಲ್ಲಿ ಒಂದನ್ನು ಬಿಡಿ ಸ್ಥಾನಕ್ಕೆ ಕೊಟ್ಟೂ ಇದ್ದಾಳೆ, ಕೊಟ್ಟ ಮೇಲೂ ಹತ್ತು ದಶಕವೇ ಉಳಿದಿವೆ ಅಂದುಕೊಂಡಿದ್ದಾಳೆ. ಇವರಿಬ್ಬರಿಗೂ ಆಟದ ನೋಟು ಸಾಕು. ನಾಲ್ಕು ನೂರರ ನೋಟು, ಮೂರು ಒಂದು ರೂಪಾಯಿ ನಾಣ್ಯ. ಒಂದು ನೂರನ್ನು ಹತ್ತರ ಹತ್ತು ನೋಟು ಮಾಡಿಸಿ, ಹತ್ತರ ಒಂದು ನೋಟನ್ನು ಹತ್ತು ನಾಣ್ಯ ಮಾಡಿಸಿ. ಪ್ರತಿ ಹೆಜ್ಜೆಯ ನಂತರ ಕೈಯಲ್ಲಿ ಉಳಿದದ್ದನ್ನು ಎಣಿಸಿ ಬರೆಸಿ. ಒಂದೆರಡು ಅವಧಿಯಲ್ಲಿ ದಾರಿಗೆ ಬರುವ ತಪ್ಪು ಇದು.

ಇನ್ನು 275. ಇವನು ಬಿಡಿ ಸ್ಥಾನಕ್ಕೆ ಬೇಕಾದ ಹತ್ತನ್ನು ಸೊನ್ನೆಯ ತಲೆಮೇಲಿಂದ ಹಾರಿ ನೇರವಾಗಿ ನೂರರಿಂದ ತಂದಿದ್ದಾನೆ. ಅಂಗಡಿಯಲ್ಲಿ ನೂರರ ನೋಟು ಕೊಟ್ಟು ಹತ್ತೇ ರೂಪಾಯಿ ಚಿಲ್ಲರೆ ತೆಗೆದುಕೊಂಡು ಬಂದ ಹಾಗೆ. ತೊಂಬತ್ತು ರೂಪಾಯಿ ಎಲ್ಲೋ ಹೋಯಿತು. ಆಮೇಲೆ ಸೊನ್ನೆಯಲ್ಲಿ ಏಳು ಕಳೆಯಲಾಗದೆ ಏಳನ್ನೇ ಇಳಿಸಿದ್ದಾನೆ.

ಈ 275 ಹುಟ್ಟುವುದು ಎಲ್ಲಿ? ಬಹಳ ಸಲ ನಮ್ಮ ಮಾತಿನಲ್ಲೇ. ‘ಪಕ್ಕದ ಮನೆಯಿಂದ ಸಾಲ ತಗೋ’ ಎಂದು ಕಲಿಸಿದ್ದೇವೆ. ಪಕ್ಕದ ಮನೆಯಲ್ಲಿ ಸೊನ್ನೆ. ಮಗು ಏನು ಮಾಡಬೇಕು? ಅದರಾಚೆಯ ಮನೆಗೆ ಹೋಗಿದೆ. ಮಗುವಿನ ತರ್ಕ ಸರಿಯಾಗಿಯೇ ಇದೆ. ಸಾಲ ಎಂಬ ಮಾತಿನಲ್ಲಿ ನೂರು ಹತ್ತಾಗಿ, ಹತ್ತು ಬಿಡಿಯಾಗಿ ಒಡೆಯುವ ವಿಷಯವೇ ಇಲ್ಲ. ಅಂದರೆ ಈ ತಪ್ಪು ಬರೆದಿರುವುದು ಮಗುವಿನ ಹಾಳೆಯಲ್ಲಿ, ತಿದ್ದಬೇಕಾಗಿರುವುದು ಮೇಷ್ಟ್ರ ಹಾಳೆಯಲ್ಲಿ. ಮಕ್ಕಳ ನಕ್ಷೆಯನ್ನೂ ಶಿಕ್ಷಕರ ನಕ್ಷೆಯನ್ನೂ ಬೇರೆ ಬೇರೆ ಕಡತದಲ್ಲಿ ಇಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಲೀ ಶುಲ್ಮನ್ 1986ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು. ವಿಷಯ ಗೊತ್ತಿರುವುದು ಬೇರೆ, ಬೋಧನೆಯ ಸಾಮಾನ್ಯ ಕ್ರಮ ಗೊತ್ತಿರುವುದು ಬೇರೆ, ಈ ವಿಷಯವನ್ನು ಈ ಮಕ್ಕಳಿಗೆ ಹೇಗೆ ತಲುಪಿಸಬೇಕು, ಅವರು ಎಲ್ಲಿ ಎಡವುತ್ತಾರೆ ಎಂಬ ಅರಿವು ಮೂರನೆಯದು. ಕಳೆಯಲು ಬರುವ ಎಲ್ಲರಿಗೂ ಈ ನಾಲ್ಕು ತಪ್ಪು ಉತ್ತರ ಕಣ್ಣಿಗೆ ಕಾಣುವುದಿಲ್ಲ. ಶಿಕ್ಷಕರಿಗೆ ಕಾಣಬೇಕು.

ಹಾಗಾದರೆ ಹಾಳೆ ಹೇಗಿರಬೇಕು? ಒಂದು ಚಾರ್ಟ್ ಪೇಪರ್. ಎಡಗಡೆ ಮಕ್ಕಳ ಹೆಸರು, ಮೇಲೆ ಕೌಶಲಗಳು. ಒಂದು ವಿಷಯಕ್ಕೆ ಎಂಟರಿಂದ ಹತ್ತು ಕೌಶಲ, ಅದಕ್ಕಿಂತ ಹೆಚ್ಚು ಬೇಡ. ಪಠ್ಯಪುಸ್ತಕದ ಕಲಿಕಾ ಫಲಗಳನ್ನೆಲ್ಲ ಇಳಿಸಿಕೊಂಡು ನಲವತ್ತು ಕಲಂ ಮಾಡಿದ ಹಾಳೆ ಜುಲೈ ಹೊತ್ತಿಗೆ ಬೀರುವಿನ ಮೇಲಿರುತ್ತದೆ. ಮುಂದಿನ ಕಲಿಕೆ ಯಾವುದರ ಮೇಲೆ ನಿಂತಿದೆಯೋ ಅದನ್ನಷ್ಟೇ ಆರಿಸಿ. ‘ವ್ಯವಕಲನ’ ಎಂದು ಬರೆಯಬೇಡಿ. ‘ದಶಕ ಬಿಡಿಸಿ ಎರಡಂಕಿ ಕಳೆಯುತ್ತಾಳೆ’, ‘ಮಧ್ಯೆ ಸೊನ್ನೆಯಿರುವ ಮೂರಂಕಿಯಿಂದ ಕಳೆಯುತ್ತಾಳೆ’ ಎಂದು ಬರೆಯಿರಿ.

ಚೌಕದಲ್ಲಿ ಅಂಕ ಬೇಡ. ತಾನಾಗಿ ಮಾಡಿದರೆ ಒಂದು ಗುರುತು, ಸಹಾಯದಿಂದ ಮಾಡಿದರೆ ‘ಸ’, ಇನ್ನೂ ಬಾರದಿದ್ದರೆ ಮಗು ಬರೆದ ತಪ್ಪು ಉತ್ತರವನ್ನೇ ಬರೆಯಿರಿ. ಹೌದು, 375 ಎಂದೇ. ಪಕ್ಕದಲ್ಲಿ ಪುಟ್ಟದಾಗಿ ದಿನಾಂಕ. ಪೆನ್ಸಿಲಿನಲ್ಲಿ, ಏಕೆಂದರೆ ಅಳಿಸುವುದೇ ಇದರ ಉದ್ದೇಶ. ಇದನ್ನು ಗೋಡೆಗೆ ಅಂಟಿಸಬಾರದು. ಹೆಸರಿನ ಮುಂದೆ ತಪ್ಪು ಉತ್ತರ ಇರುವ ಮಗುವನ್ನು ತರಗತಿಯೆಲ್ಲ ನೋಡುವ ಹಾಗಾದರೆ ಆ ಮಗು ಮರುದಿನದಿಂದ ಪಕ್ಕದವರ ಉತ್ತರ ನಕಲು ಮಾಡುತ್ತದೆ. ಆಮೇಲೆ ನಿಮ್ಮ ನಕ್ಷೆಯೇ ಸುಳ್ಳು.

ಪ್ರಶ್ನೆಯ ಅಂಕಿಗಳನ್ನು ಆರಿಸುವುದರಲ್ಲಿ ಅರ್ಧ ಕೆಲಸವಿದೆ. 0.6 ದೊಡ್ಡದೋ 0.8 ದೊಡ್ಡದೋ ಎಂದು ಕೇಳಿದರೆ ದಶಮಾಂಶ ಬಾರದ ಮಗುವೂ ಸರಿ ಹೇಳುತ್ತದೆ. 0.45 ಮತ್ತು 0.6 ಕೇಳಿ. ‘45 ದೊಡ್ಡದು’ ಎಂಬ ಯೋಚನೆ ಆಗ ಹೊರಗೆ ಬರುತ್ತದೆ. 8+4 ಸಮ ಚಿಹ್ನೆ, ಖಾಲಿ ಚೌಕ, ಕೂಡಿಸು 5 ಎಂದು ಕೊಟ್ಟರೆ ಚೌಕದಲ್ಲಿ 12 ಬರೆಯುವವರು ಸಮ ಚಿಹ್ನೆಯನ್ನು ‘ಉತ್ತರ ಬರೆ’ ಎಂಬ ಆಜ್ಞೆ ಅಂದುಕೊಂಡಿದ್ದಾರೆ. 7 ಬರೆದವರಿಗೆ ಎರಡು ಬದಿಯೂ ಸಮ ಎಂದು ಗೊತ್ತು. ಒಂದು ಕೌಶಲಕ್ಕೆ ಮೂರು ಪ್ರಶ್ನೆ ಇರಲಿ. ಒಂದರಲ್ಲಿ ತಪ್ಪಿದರೆ ಕಣ್ತಪ್ಪು ಇರಬಹುದು, ಮೂರರಲ್ಲೂ ಒಂದೇ ಬಗೆಯಲ್ಲಿ ತಪ್ಪಿದರೆ ಅದು ಮಗುವಿನ ನಿಯಮ. ಆಮೇಲೆ ಎರಡು ನಿಮಿಷ ಪಕ್ಕ ಕೂತು ‘ಇದನ್ನು ಹೇಗೆ ಮಾಡಿದೆ, ಹೇಳು ಪುಟ್ಟಾ’ ಎಂದು ಕೇಳಿ. ಸರಿ ಉತ್ತರ ಬರೆದವರನ್ನೂ ಕೇಳಿ.

ಇದನ್ನು ಶಾಲೆ ತೆರೆದ ಮೊದಲ ದಿನವೇ ಮಾಡಬೇಡಿ. ಬೇಸಿಗೆ ರಜೆಯಲ್ಲಿ ಮರೆತದ್ದಕ್ಕೂ ಕಲಿಯದೇ ಇದ್ದದ್ದಕ್ಕೂ ವ್ಯತ್ಯಾಸವಿದೆ. ನಾಲ್ಕೈದು ದಿನ ಓದಿಸಿ, ಆಡಿಸಿ, ಬರೆಸಿ, ನಂತರ ನೋಡಿ.

ಈಗ ಓದುವುದರ ಬಗ್ಗೆ. 2021ರ ಜುಲೈನಲ್ಲಿ ಚಿಕ್ಕ ಮಕ್ಕಳ ಓದು, ಬರಹ, ಲೆಕ್ಕದ ಬುನಾದಿಗಾಗಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಂದಾಗಿನಿಂದ ನಿಮಿಷಕ್ಕೆ ಎಷ್ಟು ಪದ ಎಂಬ ಲೆಕ್ಕ ಎಲ್ಲರ ಬಾಯಲ್ಲಿದೆ. ವೇಗ ಬೇಕು, ತಡವರಿಸಿ ಓದುವ ಮಗು ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲನ್ನು ಮರೆತಿರುತ್ತದೆ. ಆದರೆ ಕನ್ನಡದಲ್ಲಿ ‘ಮನೆಯಲ್ಲಿದ್ದವರೆಲ್ಲರೂ’ ಎಂಬುದು ಒಂದೇ ಪದ. ಬರೀ ಪದ ಎಣಿಸಿದರೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ‘ಮರ’, ‘ಸರ’ ಓದುವ ಮಗು ಗುಣಿತಾಕ್ಷರದಲ್ಲಿ ಹ್ರಸ್ವ ದೀರ್ಘ ಕಲಸುತ್ತದೆಯೇ? ‘ಅಕ್ಕ’, ‘ಅಮ್ಮ’ ಓದಿದವಳು ‘ಪುಸ್ತಕ’ವನ್ನು ‘ಪುಸತಕ’ ಮಾಡುತ್ತಾಳೆಯೇ? ಅರ್ಕಾವತ್ತು ಬಂದ ಕೂಡಲೇ ‘ಸೂರ್ಯ’ ‘ಸೂಯರ’ ಆಗುತ್ತದೆಯೇ? ಬರವಣಿಗೆಯಲ್ಲಿ ಆ ಗುರುತು ಯಕಾರದ ನಂತರ ನಿಂತಿದೆ, ಮಗು ಕಂಡ ಕ್ರಮದಲ್ಲೇ ಓದಿದೆ. ಅದಕ್ಕೆ ಸ್ವರ ಗಟ್ಟಿಮಾಡಿಸುವ ಪಾಠ ಬೇಡ, ಅರ್ಕಾವತ್ತಿನ ಹತ್ತು ಮಿಂಚುಪಟ್ಟಿ (ಫ್ಲ್ಯಾಶ್ ಕಾರ್ಡ್) ಸಾಕು.

ಬೆಂಗಳೂರಿನಲ್ಲಿ ಇನ್ನೊಂದು ಎಚ್ಚರ ಬೇಕು. ಒಂದೇ ಬೆಂಚಿನಲ್ಲಿ ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಮಕ್ಕಳಿದ್ದಾರೆ, ಕಟ್ಟಡದ ಕೆಲಸಕ್ಕೆ ಯಾದಗಿರಿ, ರಾಯಚೂರಿನಿಂದ ಬಂದವರ ಮಕ್ಕಳಿದ್ದಾರೆ. ‘ಹಸು’ವನ್ನು ‘ಅಸು’ ಎಂದರೆ ಅದು ಮನೆಯ ಉಚ್ಚಾರ, ಓದಿನ ತಪ್ಪೆಂದು ಗುರುತು ಹಾಕಬೇಡಿ. ಹಾಗೆಯೇ ವಾಕ್ಯದ ಲೆಕ್ಕ. ‘ಉಳಿದವು ಎಷ್ಟು’ ಎಂಬುದು ಅರ್ಥವಾಗದ ಮಗು ಲೆಕ್ಕ ತಪ್ಪಿದರೆ ಗಣಿತದ ಚೌಕದಲ್ಲಿ ಬರೆಯುವುದು ಅನ್ಯಾಯ. ಅದೇ ಲೆಕ್ಕವನ್ನು ಅಂಕಿಯಲ್ಲಿ ಕೊಡಿ, ಮಾಡಿದರೆ ತೊಡಕು ಭಾಷೆಯದು. ಮುಂದಿನ ಹೆಜ್ಜೆಯೇ ಬದಲಾಗುತ್ತದೆ ನೋಡಿ.

ಇದು ನಮಗೆ ಹೊಸದೇನಲ್ಲ. ಕಾರ್ಡು, ಚಟುವಟಿಕೆಗಳ ಮೂಲಕ ಮಕ್ಕಳು ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಕಲಿಕಾ ಏಣಿ, ಮೈಲಿಗಲ್ಲು, ಪ್ರಗತಿ ನೋಟ ಎಲ್ಲವೂ ಇದನ್ನೇ ಮಾಡಲು ಬಂದವು. ಮಗು ಏಣಿಯ ಯಾವ ಮೆಟ್ಟಿಲಲ್ಲಿದೆಯೋ ಅಲ್ಲಿಂದ ಕಲಿಸು ಎಂದು. ಪ್ರಗತಿ ನೋಟವನ್ನು ತಿಂಗಳ ಕೊನೆಗೆ ಒಟ್ಟಿಗೆ ತುಂಬಲು ತೊಡಗಿದ ಕಡೆಗಳಲ್ಲಿ ಅದು ಸತ್ತಿತು. ಮಗು ಕಾರ್ಡ್ ಮುಗಿಸಿದ ದಿನವೇ ತುಂಬಿದ ಕಡೆ ಬದುಕಿತು.

ಹಾಳೆ ತುಂಬಿದ ಮೇಲೆ ಮೊದಲು ಮೇಲಿನಿಂದ ಕೆಳಗೆ ಓದಿ, ಕಲಂ ಕಲಂ. 35 ಮಕ್ಕಳಲ್ಲಿ 24 ಮಂದಿಗೆ ಬಾರದಿದ್ದರೆ ಪರಿಹಾರ ಬೋಧನೆಯ ಗುಂಪು ಮಾಡಬೇಡಿ, ಇಡೀ ತರಗತಿಗೆ ಬೇರೆ ದಾರಿಯಲ್ಲಿ ಕಲಿಸಿ. ಐದಾರು ಮಂದಿಗೆ ಬಾರದಿದ್ದರೆ ಗುಂಪು, ದಿನಕ್ಕೆ ಇಪ್ಪತ್ತು ನಿಮಿಷ. ಗುಂಪು ತಪ್ಪಿನ ಮೇಲೆ ಆಗಲಿ, ‘ಜಾಣರು’, ‘ನಿಧಾನದವರು’ ಎಂದು ಆಗದಿರಲಿ. ಮೂರು ವಾರಕ್ಕೆ ಮತ್ತೆ ನೋಡಿ, ಗುಂಪು ಒಡೆಯಿರಿ. ಮೂರು ತಿಂಗಳಾದರೂ ಬದಲಾಗದ ಗುಂಪು ಒಂದು ಹಣೆಪಟ್ಟಿಯಾಗಿಬಿಡುತ್ತದೆ.

ಅದೇ ಹಾಳೆಯ ಕೆಳಗೆ, ಪ್ರತಿ ಕಲಂನ ಬುಡದಲ್ಲಿ, ಶಿಕ್ಷಕರಿಗೆ ಮೂರು ಚೌಕ. ಮಕ್ಕಳು ಇಲ್ಲಿ ಮಾಡುವ ತಪ್ಪುಗಳನ್ನು ಪಾಠಕ್ಕೆ ಮುಂಚೆಯೇ ನಾನು ಊಹಿಸಬಲ್ಲೆನೇ? ಯಾಕೆ ಹಾಗೆ ಮಾಡಬೇಕು ಎಂದು ವಿವರಿಸಬಲ್ಲೆನೇ? ಒಂದು ದಾರಿ ಫಲಿಸದಿದ್ದರೆ ಎರಡನೆಯ ದಾರಿ ನನ್ನ ಬಳಿ ಇದೆಯೇ? 24 ತಪ್ಪು ಉತ್ತರಗಳ ಕೆಳಗೆ ಈ ಮೂರರಲ್ಲಿ ಯಾವುದು ಖಾಲಿ ಎಂದು ನೋಡಿದರೆ ನಿಮಗೆ ಬೇಕಾದ ತರಬೇತಿ ಯಾವುದೆಂದು ನಿಮಗೇ ತಿಳಿಯುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆ ಎನ್ನುತ್ತದೆ, ಅದೂ ಶಿಕ್ಷಕರ ಸ್ವಂತ ಆಸಕ್ತಿಗೆ ತಕ್ಕಂತೆ. ಭಿನ್ನರಾಶಿಯಲ್ಲಿ ತೊಡಕಿರುವ ಮೇಡಂ ಅವರನ್ನೂ ಓದು ಕಲಿಸುವುದರಲ್ಲಿ ತೊಡಕಿರುವ ಮೇಷ್ಟ್ರನ್ನೂ ಒಂದೇ ಸ್ಲೈಡಿನ ಮುಂದೆ ಕೂರಿಸಿದರೆ ಗಂಟೆ ತುಂಬುತ್ತದೆ, ಚೌಕ ತುಂಬುವುದಿಲ್ಲ. ಅದರ ಬದಲು ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆಗೆ ಒಂದು ಕೌಶಲ ಆರಿಸಿ, ಪ್ರತಿ ಶಾಲೆಯಿಂದ ಹತ್ತು ನೋಟ್‌ಬುಕ್ ತನ್ನಿ, ತಪ್ಪುಗಳನ್ನು ಬೋರ್ಡಿನ ಮೇಲೆ ಬರೆದು ವಿಂಗಡಿಸಿ. ಒಂದೂವರೆ ಗಂಟೆ ಸಾಕು.

ಶಿಕ್ಷಕರ ಆ ಮೂರು ಚೌಕ ಮಾತ್ರ ಮೇಲಧಿಕಾರಿಯ ಕಡತಕ್ಕೆ ಹೋಗಕೂಡದು. ಹೋಗುತ್ತದೆ ಎಂದು ಗೊತ್ತಾದ ದಿನ ರಾಜ್ಯದ ಎಲ್ಲ ಚೌಕಗಳೂ ‘ಚೆನ್ನಾಗಿದೆ’ ಎಂದು ತುಂಬುತ್ತವೆ. ಮುಖ್ಯ ಶಿಕ್ಷಕರು ಇಲ್ಲಿದ್ದೀರಿ, ಇದನ್ನು ಕಾಯುವ ಕೆಲಸ ನಿಮ್ಮದು.

ಚೀಟಿ ಬಂತು, ಹತ್ತು ನಿಮಿಷವಿದೆಯಂತೆ. ಪ್ರೌಢಶಾಲೆಯ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ವಿಮರ್ಶಾತ್ಮಕ ಚಿಂತನೆ, ಸಹಯೋಗ ಇಂಥ ದೊಡ್ಡ ಪದಗಳನ್ನು ಕಲಂನ ತಲೆಯಲ್ಲಿ ಬರೆಯಬೇಡಿ, ಕಣ್ಣಿಗೆ ಕಾಣುವ ಕೆಲಸ ಬರೆಯಿರಿ. ಬೀಜ ಮೊಳೆಯಲು ನೀರು ಬೇಕೇ ಎಂದು ನೋಡುವಾಗ ಎರಡು ಬಟ್ಟಲನ್ನೂ ಒಂದೇ ಕಿಟಕಿಯ ಬಳಿ ಇಟ್ಟನೇ, ಅಥವಾ ಒಂದನ್ನು ಬಿಸಿಲಿಗೆ ಒಂದನ್ನು ಬೀರುವಿಗೆ ಇಟ್ಟನೇ? ಅಳತೆಯ ಜಾಡಿಯನ್ನು ಕಣ್ಣಿನ ಮಟ್ಟಕ್ಕೆ ತಂದು ಓದಿದಳೇ? ಇದನ್ನು ಲಿಖಿತ ಪರೀಕ್ಷೆ ಹೇಳುವುದಿಲ್ಲ, ಪ್ರಯೋಗದ ಹೊತ್ತಿನಲ್ಲಿ ಒಂದು ದಿನಕ್ಕೆ ಆರು ಮಕ್ಕಳನ್ನಷ್ಟೇ ಗಮನಿಸಿ ಗುರುತು ಹಾಕಿ. ಆಪ್ ಬೇಕೇ ಎಂದು ಕೇಳುತ್ತಾರೆ. ಕಾಗದದಲ್ಲಿ ಮೂರು ತಿಂಗಳು ನಡೆದ ಮೇಲೆ ನೋಡೋಣ.

ಪೋಷಕರಿಗೆ ಒಂದು ಮಾತು. ಸಭೆಗೆ ಹೋದಾಗ ಎಷ್ಟು ಅಂಕ ಎಂದಷ್ಟೇ ಕೇಳಿ ಎದ್ದು ಬರಬೇಡಿ. ನಮ್ಮ ಹುಡುಗಿ ಈಗ ಯಾವುದನ್ನು ಕಲಿಯುತ್ತಿದ್ದಾಳೆ, ಎಲ್ಲಿ ನಿಂತಿದ್ದಾಳೆ, ಮನೆಯಲ್ಲಿ ಹತ್ತು ನಿಮಿಷ ಏನು ಮಾಡಿಸಲಿ ಎಂದು ಕೇಳಿ.

ಖಾಲಿ ಹಾಳೆಯ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ, ಶಾಲೆಗೆ ಎರಡರಂತೆ ತೆಗೆದುಕೊಳ್ಳಿ. ಮೊದಲ ಸಲ ಒಂದೇ ತರಗತಿ, ಒಂದೇ ವಿಷಯ, ನಾಲ್ಕೇ ಕೌಶಲ ಹಿಡಿಯಿರಿ. ಕಳೆಯುವ ಲೆಕ್ಕಕ್ಕಾದರೆ 68ರಲ್ಲಿ 23, 52ರಲ್ಲಿ 27, 340ರಲ್ಲಿ 126, 403ರಲ್ಲಿ 178, ಈ ಕ್ರಮದಲ್ಲೇ ಕೊಡಿ. ಒಂದೊಂದಕ್ಕೂ ಅದೇ ಬಗೆಯ ಇನ್ನೆರಡು ನೀವೇ ಸೇರಿಸಿಕೊಳ್ಳಿ. ಈಗ ಪ್ರಶ್ನೆಗಳಿದ್ದರೆ ಕೇಳಿ.