ಅಡಿಮೇಲಾದ ಲೋಕದಲ್ಲಿ ನೆಟ್ಟಗೆ ನಿಂತವನು

ಕೇಳುಗರಿಗೆ ನಮಸ್ಕಾರ. ಮಕ್ಕಳು ಕಾರ್ಟೂನ್ ಹಾಕಿಕೊಂಡು ಕುಳಿತರೆ ‘ತಲೆಬುಡವಿಲ್ಲದ್ದು’ ಎಂದು ಗದರುವ ಹಿರಿಯರಿಗಾಗಿಯೇ ನನ್ನ ಇವತ್ತಿನ ಮಾತು. ತಲೆಬುಡವಿಲ್ಲದ್ದನ್ನು ಕಟ್ಟುವುದಕ್ಕೂ ತಲೆ ಬೇಕು ಸ್ವಾಮಿ!

1938ರಲ್ಲಿ ಅಮೆರಿಕದ ಬಾಬ್ ಕ್ಲ್ಯಾಂಪೆಟ್ ನಿರ್ದೇಶಿಸಿದ ‘ಪೋರ್ಕಿ ಇನ್ ವ್ಯಾಕಿಲ್ಯಾಂಡ್’ ಎಂಬ ಕಪ್ಪುಬಿಳುಪು ಕಾರ್ಟೂನ್ ಚಿತ್ರವಿದೆ. ಏಳು ನಿಮಿಷದ್ದು, ಅಷ್ಟೆ. ಪೋರ್ಕಿ ಎಂಬ ಹಂದಿ ಕೊನೆಯ ಡೋಡೊ ಹಕ್ಕಿಯನ್ನು ಹಿಡಿಯಲು ವಿಮಾನದಲ್ಲಿ ಹೊರಡುತ್ತಾನೆ. ಮಾರಿಷಸ್‌ನ ನಿಜವಾದ ಡೋಡೊ ಹದಿನೇಳನೆಯ ಶತಮಾನದಲ್ಲೇ ನಿರ್ನಾಮವಾಯಿತು ಎಂಬ ಗೊಡವೆ ಅವನಿಗಿಲ್ಲ. ಇಳಿದ ನಾಡಿನಲ್ಲಿ ಎಲ್ಲವೂ ಅಡಿಮೇಲು. ನಾಯಿ, ಬೆಕ್ಕು ಒಂದೇ ಮೈಯಲ್ಲಿದ್ದುಕೊಂಡು ಕಿತ್ತಾಡುತ್ತವೆ. ಕೈದಿಯೊಬ್ಬ ಸೆರೆಮನೆಯ ಕಿಟಕಿಯನ್ನು ತಾನೇ ಕೈಯಲ್ಲಿ ಹಿಡಿದು ಬಿಡುಗಡೆ ಬೇಡುತ್ತಾನೆ. ಪೋರ್ಕಿ ಮಾತ್ರ ನೆಟ್ಟಗಿದ್ದಾನೆ. ನಗು ಹುಟ್ಟುವುದು ಅಲ್ಲಿಂದ.

ನನಗೆ ಬಹಳ ಇಷ್ಟವಾದ ದೃಶ್ಯವೊಂದನ್ನು ಹೇಳಲೇಬೇಕು. ಪೋರ್ಕಿ ಅಟ್ಟಿಸಿಕೊಂಡು ಬರುತ್ತಿದ್ದಾನೆ. ಡೋಡೊ ಪೆನ್ಸಿಲ್ ತೆಗೆದು ಬರೀ ಗಾಳಿಯಲ್ಲಿ ಒಂದು ಬಾಗಿಲನ್ನು ಬರೆಯುತ್ತದೆ. ಸರಿ, ಬಾಗಿಲು ಬಂತು, ಇನ್ನು ತೆರೆದು ಓಡುತ್ತದೆ ಎಂದುಕೊಳ್ಳುತ್ತೀರಿ. ಇಲ್ಲ! ಬಾಗಿಲಿನ ಕೆಳಗಿನ ಅಂಚನ್ನು ಪರದೆಯಂತೆ ಮೇಲೆತ್ತಿ ಅಡಿಯಲ್ಲಿ ನುಸುಳಿಬಿಡುತ್ತದೆ. ಕೈಬಿಟ್ಟ ಕೂಡಲೇ ಅದು ಗಟ್ಟಿ ಬಾಗಿಲು. ಪೋರ್ಕಿ ಹೋಗಿ ಢಮ್ಮನೆ ಬಡಿಯುತ್ತಾನೆ. ಏಕೆ ಬಡಿದ? ಬಾಗಿಲು ಎಂದರೆ ಬಾಗಿಲು ಎಂದು ಪಾಪ ಅವನು ನಂಬಿದ್ದಾನೆ, ನಮ್ಮ ನಿಮ್ಮ ಹಾಗೆ. ಅವನೂ ಪರದೆ ಎತ್ತುವ ಜಾತಿಯವನಾಗಿದ್ದರೆ ಅಲ್ಲಿ ನಗುವುದಕ್ಕೆ ಏನಿತ್ತು? ಎಲ್ಲರೂ ಹುಚ್ಚರಾದರೆ ಹುಚ್ಚೇ ಕಾಣುವುದಿಲ್ಲ. ಒಬ್ಬ ನೆಟ್ಟಗಿರಬೇಕು. ಈಗಿನ ಎಷ್ಟೋ ಹಾಸ್ಯಚಿತ್ರಗಳಲ್ಲಿ ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ನಾನು ಟಿ.ವಿ. ಆರಿಸಿಬಿಡುತ್ತೇನೆ.

ಸ್ಟುಡಿಯೊದ ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ. ಈ ಚಿತ್ರದಲ್ಲಿನ ಕಾರ್ಲ್ ಸ್ಟಾಲಿಂಗ್ ಅವರ ಸಂಗೀತ, ಮೆಲ್ ಬ್ಲಾಂಕ್ ಅವರ ಕಂಠ, ಇವುಗಳಿಗೆ ಬೇರೆಯೇ ಭಾಷಣ ಬೇಕು. 1949ರಲ್ಲಿ ಫ್ರಿಜ್ ಫ್ರೆಲೆಂಗ್ ಇದನ್ನೇ ಬಣ್ಣದಲ್ಲಿ ಮತ್ತೆ ಮಾಡಿದರು; ನನಗೆ ಕಪ್ಪುಬಿಳುಪೇ ಸಾಕು. ಜೋಪಾನ ಮಾಡಬೇಕಾದ ಚಿತ್ರಗಳ ಪಟ್ಟಿಯಾದ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೂ 2000ದಲ್ಲಿ ಸೇರಿದ್ದು ಆ ಕಪ್ಪುಬಿಳುಪು ಚಿತ್ರವೇ.

ಕೊನೆಗೆ ಪೋರ್ಕಿ ಪತ್ರಿಕೆ ಮಾರುವವನ ವೇಷದಲ್ಲಿ ಡೋಡೊವನ್ನು ಹಿಡಿಯುತ್ತಾನೆ. ಕೊನೆಯ ಡೋಡೊ ಸಿಕ್ಕಿತೆಂದು ಕುಣಿಯುವಷ್ಟರಲ್ಲಿ ಸುತ್ತಲೂ ಡೋಡೊಗಳ ಹಿಂಡೇ ಎದ್ದು ನಿಲ್ಲುತ್ತದೆ. ಮೊಬೈಲ್‌ನಲ್ಲಿ ಸಿಕ್ಕರೆ ನೋಡಿ. ಎಲ್ಲರೂ ಡೋಡೊವನ್ನೇ ನೋಡುತ್ತಾರೆ, ನೀವು ಪೋರ್ಕಿಯ ಮುಖ ನೋಡಿ. ನಮಸ್ಕಾರ.