ಮೇಲ್‌ಗೆ ಬೀಗ, ಸಬ್ಜೆಕ್ಟ್ ಬಯಲು

ಕೇಳುಗರಿಗೆ ನಮಸ್ಕಾರ.

ಯಾವುದೋ ಇಮೇಲ್ ಜೊತೆ 'ಎಸ್‌ಮೈಮ್ ಡಾಟ್ ಪಿ ಸೆವೆನ್ ಎಸ್' ಅನ್ನೋ ಪುಟ್ಟ ಫೈಲ್ ಅಂಟಿಕೊಂಡು ಬಂದಿದ್ದು ನೋಡಿದ್ದೀರಾ? ತೆರೆದರೆ ತಲೆಬುಡ ಗೊತ್ತಾಗುವುದಿಲ್ಲ. ವೈರಸ್ ಇರಬೇಕು ಅಂತ ಅಳಿಸಿ ಹಾಕುವವರೂ ಇದ್ದಾರೆ. ಪಾಪ, ಅದು ಕಳಿಸಿದವರ ಡಿಜಿಟಲ್ ಸಹಿ. ಈ ಪತ್ರ ಇವರದೇ, ದಾರಿಯಲ್ಲಿ ಯಾರೂ ತಿದ್ದಿಲ್ಲ ಅನ್ನುವುದಕ್ಕೆ ರುಜು. ನಿಮ್ಮ ಮೇಲ್ ಆ್ಯಪ್‌ಗೆ ಆ ಸಹಿಯ ಭಾಷೆ ಬಂದರೆ ಸಹಿ ಸರಿಯಿದೆ ಅಂತ ಗುರುತು ತೋರಿಸುತ್ತದೆ. ಬಾರದಿದ್ದರೆ ಹೀಗೆ ಸುಮ್ನೆ ನೇತಾಡುತ್ತಿರುತ್ತದೆ.

ಮೇಲ್‌ಗೆ ಹೀಗೆ ಸಹಿ ಹಾಕಲು, ಬೇರೆಯವರು ಓದದಂತೆ ಬೀಗ ಹಾಕಲು ಇರುವ ಭಾಷೆಗಳು, ಅಂದರೆ ಪದ್ಧತಿಗಳು, ಮುಖ್ಯವಾಗಿ ಎರಡು. ತಕರಾರು ಅಲ್ಲೇ. ಒಂದು ಓಪನ್‌ಪಿಜಿಪಿ. 1991ರಲ್ಲಿ ಫಿಲ್ ಜಿಮ್ಮರ್‌ಮನ್ ಹೊರತಂದ ಪಿಜಿಪಿ ಅನ್ನೋ ಪ್ರೋಗ್ರಾಂ ಇದರ ಮೂಲ. ಬೀಗ ಹಾಕುವ, ತೆಗೆಯುವ ಡಿಜಿಟಲ್ ಕೀಲಿ ನೀವೇ ಮಾಡಿಕೊಳ್ಳಬೇಕು, ಎದುರಿನವರ ಕೀಲಿ ಅವರದೇ ಹೌದಾ ಅಂತಲೂ ನೀವೇ ನೋಡಿಕೊಳ್ಳಬೇಕು. ಇನ್ನೊಂದು ಎಸ್‌ಮೈಮ್. ಅಲ್ಲಿ ಕೀಲಿ ಇವರದೇ ಅಂತ ಪ್ರಮಾಣಪತ್ರ ಕೊಡುವ ಸಂಸ್ಥೆ ಜಾಮೀನು ನಿಲ್ಲುತ್ತದೆ. ಆ್ಯಪಲ್ ಮೇಲ್‌ಗೆ ಎಸ್‌ಮೈಮ್ ತಾನಾಗಿಯೇ ಬರುತ್ತದೆ, ಓಪನ್‌ಪಿಜಿಪಿಗೆ ಪ್ಲಗಿನ್ ಬೇಕು. ಥಂಡರ್‌ಬರ್ಡ್ ಅನ್ನೋ ಮೇಲ್ ಆ್ಯಪ್‌ಗೆ ಎರಡೂ ಬರುತ್ತವೆ. ಅಲ್ಲೂ ಮೊದಲು ಓಪನ್‌ಪಿಜಿಪಿಗೆ ಎನಿಗ್‌ಮೇಲ್ ಅನ್ನೋ ಆಡ್‌ಆನ್ ಹಾಕಿಕೊಳ್ಳಬೇಕಿತ್ತು. 2020ರಲ್ಲಿ ಅದು ಆ್ಯಪ್ ಒಳಗೇ ಸೇರಿತು. ನೀವು ಒಂದು ಭಾಷೆ, ನಿಮ್ಮ ಗೆಳೆಯರು ಇನ್ನೊಂದು ಅಂದರೆ ಮುಗೀತು.

ನನ್ನದೇ ಒಂದು ಪೇಚು ಹೇಳುತ್ತೇನೆ. ಹೊಸದಾಗಿ ಕಲಿತ ಹುರುಪಿನಲ್ಲಿ ಗೆಳೆಯನಿಗೆ ಗುಟ್ಟಾಗಿ ಒಂದು ಪತ್ರ ಬರೆದೆ. ಬೀಗದ ಗುರುತು ಒತ್ತಿ ಕಳಿಸಿಯೂ ಬಿಟ್ಟೆ. ಒಳಗೆಲ್ಲ ಅರ್ಥವಾಗದ ಅಕ್ಷರಗಳ ರಾಶಿ. ಮೇಲೆ ಸಬ್ಜೆಕ್ಟ್‌ನಲ್ಲಿ ಮಾತ್ರ ದಪ್ಪಗೆ, 'ಕೆಲಸ ಬಿಡ್ತಾ ಇದೀನಿ'! ಹಳೆಯ ಪದ್ಧತಿಯಲ್ಲಿ ಸಬ್ಜೆಕ್ಟ್‌ಗೆ ಬೀಗ ಬೀಳುವುದೇ ಇಲ್ಲ. ಈಗ ಓಪನ್‌ಪಿಜಿಪಿ ಬಳಸಿದರೆ ಥಂಡರ್‌ಬರ್ಡ್ ಅದನ್ನೂ ಒಳಗೆ ಸೇರಿಸಿ, ಹೊರಗೆ ಮೂರು ಚುಕ್ಕಿ ಇಡುತ್ತದೆ. ಯಾರಿಂದ ಯಾರಿಗೆ ಅನ್ನುವುದು ಮಾತ್ರ ಈಗಲೂ ಬಯಲೇ. ಅಂಚೆಯವನಿಗೆ ವಿಳಾಸ ಬೇಕಲ್ವಾ?

2018ರಲ್ಲಿ, ಇಂಥ ಬೀಗದ ಪತ್ರ ತೆರೆಯುವ ಮೇಲ್ ಆ್ಯಪ್‌ಗಳಲ್ಲಿ ಈಫೇಲ್ ಅನ್ನೋ ದೋಷ ಹೊರಬಿತ್ತು. ಕೀಲಿ ಕದಿಯುವುದೇ ಬೇಕಿರಲಿಲ್ಲ. ದಾಳಿಕೋರರು ಪತ್ರದೊಳಗೆ ಒಂದು ಚಿತ್ರದ ಲಿಂಕ್ ತೂರಿಸಿದರೆ ಸಾಕಿತ್ತು. ಆ್ಯಪ್ ಪಾಪ ನಿಯತ್ತಾಗಿ ಪತ್ರ ಬಿಡಿಸಿ, ಆ ಚಿತ್ರ ತರಲು ಹೋಗಿ, ಬಿಡಿಸಿದ ಮಾತನ್ನೇ ಅವರ ಸರ್ವರ್‌ಗೆ ಒಪ್ಪಿಸಿ ಬರುತ್ತಿತ್ತು. ಅದಕ್ಕೇ ಹೊರಗಿನ ಚಿತ್ರಗಳನ್ನು ತಾನಾಗಿ ತೋರಿಸುವ ಸೆಟ್ಟಿಂಗ್ ಆಫ್ ಇರಲಿ.

ಹೊಸ ಪ್ರಮಾಣಪತ್ರ ಬಂತು ಅಂತ ಹಳೆಯ ಕೀಲಿ ಎಸೆಯಬೇಡಿ. ಅದರ ಬೀಗ ಬಿದ್ದ ಹಳೆಯ ಪತ್ರಗಳು ಆಮೇಲೆ ನಿಮಗೂ ತೆರೆಯುವುದಿಲ್ಲ.

ನಮಸ್ಕಾರ.